ಕುರ್ಚಿಯ ಜೊತೆ ಬಂದವರು

ಬೆಳಿಗ್ಗೆಯಿಂದ ಅವನು ಹಳೆಯ ಪತ್ರಿಕೆಯ ಅಂಚಿನಲ್ಲಿ ಅಪ್ಪನ ಹೆಸರು ಬರೆಯುತ್ತಿದ್ದ. ಅಂಚು ಮುಗಿದು ಈಗ ಒಂದು ಸಾಬೂನಿನ ಜಾಹೀರಾತಿನ ಖಾಲಿ ಜಾಗಕ್ಕೆ ಇಳಿದಿದ್ದ. ಸಣ್ಣದಾಗಿ ಬರೆಯಬೇಕು, ಅಷ್ಟೇ. ಶಾಲೆಯ ಮಕ್ಕಳು ಬರೆಯುವಷ್ಟು ಸಣ್ಣದಾಗಿ, ಒಂದು ಗೆರೆಯ ಮೇಲೆ. ಜೀವಮಾನವೆಲ್ಲ ಅಂಗಡಿಗಳ ಬೋರ್ಡು ಬರೆದು ಬದುಕಿದವನಿಗೆ ಇದೇನು ಮಹಾ ಎಂದು ಯಾರಾದರೂ ಕೇಳಬಹುದು. ಕೇಳುವವರ ಗಂಟೇನು ಹೋಗುತ್ತದೆ. ಅವನ ಅಕ್ಷರ ಹುಟ್ಟುವುದು ಭುಜದಲ್ಲಿ. ಅಲ್ಲಿಂದ ಮೊಣಕೈಗೆ ಇಳಿದು, ಮುಂಗೈ ದಾಟಿ, ಕುಂಚದ ತುದಿಗೆ ಬರುವಷ್ಟರಲ್ಲಿ ಅದು ಒಂದು ಮೊಳ ಎತ್ತರವಾಗಿರುತ್ತದೆ. ಬೆರಳಿನಿಂದ ಬರೆಯುವುದನ್ನು ಅವನು ಶಾಲೆಯ ಜೊತೆಗೇ ಬಿಟ್ಟಿದ್ದ. ಬ್ಯಾಂಕಿನಲ್ಲಿ ಕೂತ ಹುಡುಗಿ ಅವನ ಸಹಿ ನೋಡಿದಾಗಲೆಲ್ಲ, ಸ್ವಲ್ಪ ಚೌಕದ ಒಳಗೆ ಹಾಕಿ ಅಂಕಲ್, ಎನ್ನುತ್ತಾಳೆ. ಅಪ್ಪ ಹೇಳುತ್ತಿದ್ದುದೂ ಅದನ್ನೇ, ಆದರೆ ಇನ್ನೂ ಚೆನ್ನಾಗಿ: "ನಿನ್ನ ಕಾಗದ ಓದೋಕೆ ಎದುರು ರಸ್ತೆಗೆ ಹೋಗಿ ನಿಲ್ಲಬೇಕು." ಅಪ್ಪ ಕೋರ್ಟಿನಲ್ಲಿ ನಕಲು ಬರೆಯುತ್ತಿದ್ದವರು. ಒಂದು ಪುಟದಲ್ಲಿ ಒಂದು ಇಡೀ ಆಸ್ತಿ ಜಗಳವನ್ನು ಹಿಡಿಸುವಷ್ಟು ಸಣ್ಣ ಅಕ್ಷರ, ಒಂದಾದರೂ ಗೆರೆ ಬಿಟ್ಟು ಕದಲಿದ್ದನ್ನು ಯಾರೂ ಕಂಡಿಲ್ಲ. ಅಂಥವರ ಸಾವನ್ನು ಇಂಥವನು ಬರೆಯಬೇಕಾಗಿ ಬಂದಿತ್ತು.

ಬೈಬಲ್ ಮೇಜಿನ ಮೇಲೆ ತೆರೆದುಕೊಂಡಿತ್ತು. ಹಳೆಯ ಒಡಂಬಡಿಕೆ ಮುಗಿದು ಹೊಸದು ಶುರುವಾಗುವ ನಡುವೆ ನಾಲ್ಕು ದಪ್ಪ ಹಾಳೆಗಳಿವೆ, ಅಂಚಿಗೆ ಬಳ್ಳಿ ಬಿಡಿಸಿದವು, ಮನೆಯವರ ಹುಟ್ಟು, ಮದುವೆ, ಸಾವು ಬರೆಯುವುದಕ್ಕೆಂದೇ ಮಾಡಿದವು. ಅಪ್ಪ ಹೋಗಿ ವರ್ಷವಾಗಿತ್ತು. ಬೈಬಲ್ ಮಗನಿಗೆ ಬರುವುದು ಮನೆಯ ಪದ್ಧತಿ. ಅಕ್ಕ ಹಿರಿಯಳು, ಬುದ್ಧಿವಂತೆ, ಕೈಬರಹವೂ ಅಪ್ಪನದೇ, ಆದರೂ ಬೈಬಲ್ ಉಳಿದದ್ದು ಬೋರ್ಡು ಬರೆಯುವವನ ಬಳಿ. ಅದನ್ನು ತಾನು ಕ್ಷಮಿಸಿದ್ದೇನೆ ಎಂದು ಅಕ್ಕ ಆಗಾಗ ನೆನಪಿಸುತ್ತಾಳೆ. ಅವನು ಮಾಡಬೇಕಾದದ್ದು ಒಂದೇ ಕೆಲಸ, ಅಪ್ಪನ ಹೆಸರಿನ ಎದುರಿಗಿದ್ದ ಖಾಲಿ ಜಾಗದಲ್ಲಿ ಹೋದ ದಿನ, ಹೋದ ಕಾರಣ. ಇವತ್ತು ಬರೆಯುತ್ತೇನೆ, ನಾಳೆ ಬರೆಯುತ್ತೇನೆ ಎನ್ನುತ್ತ ಅವನು ವರ್ಷ ತಳ್ಳಿದ್ದ. ಈಗ ತಳ್ಳುವ ಹಾಗಿರಲಿಲ್ಲ. ಅಕ್ಕನ ಮಗಳಿಗೆ ಹೆಣ್ಣು ಮಗುವಾಗಿತ್ತು, ನಾಳೆ ಅದರ ದೀಕ್ಷಾಸ್ನಾನ, ಚರ್ಚಿನಿಂದ ಎಲ್ಲರೂ ಸೀದಾ ಇಲ್ಲಿಗೇ ಊಟಕ್ಕೆ ಬರುವವರು, ಮಗುವಿನ ಹೆಸರನ್ನು ಬೈಬಲ್ಲಿಗೆ ಸೇರಿಸಬೇಕು. ಹೋದವರನ್ನು ಕಳಿಸಿಕೊಡದೆ ಬಂದವರನ್ನು ಸೇರಿಸುವ ಹಾಗಿಲ್ಲ ಎಂಬುದು ಅಜ್ಜನ ಕಾಲದ ಕಟ್ಟು.

"ಬರೆದೆಯಾ?" ಅಕ್ಕ ಫೋನಿನಲ್ಲಿ ಕೇಳಿದಳು.

"ಅಭ್ಯಾಸ ಮಾಡ್ತಿದೀನಿ."

"ಸತ್ತಿದ್ದನ್ನ ಬರೆಯೋಕೆ ಎಂಥ ಅಭ್ಯಾಸ ಕಣೋ? ಅಪ್ಪ ಇದ್ದಿದ್ರೆ ಇಷ್ಟು ಹೊತ್ತಿಗೆ ತಮ್ಮದನ್ನ ತಾವೇ ಬರೆದು ಮುಗಿಸ್ತಿದ್ರು."

ಅದು ನಿಜವೇ. ಅವನಿಗೆ ನಗು ಬಂತು, ಆದರೆ ಅಕ್ಕ ನಗಲಿಲ್ಲವಾದ್ದರಿಂದ ಅದನ್ನು ಕೆಮ್ಮಾಗಿ ತಿರುಗಿಸಿದ. ಫೋನು ಇಟ್ಟಾಗ ಹೆಂಡತಿ ಕೆಲಸಕ್ಕೆ ಹೊರಟು ನಿಂತಿದ್ದಳು. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಗಂಡನ ಬೆಳಗಿನ ಮಾತ್ರೆಯನ್ನು ಮೇಜಿನ ಮೇಲೆ ಇಟ್ಟು, ಪತ್ರಿಕೆಯ ಅಂಚನ್ನು ಒಮ್ಮೆ ಓದಿದಳು. "ಚೆನ್ನಾಗೇ ಇದೆಯಲ್ಲ. ಬರೆದುಬಿಡಿ."

"ಒತ್ತಕ್ಷರ ಕೆಳಗಿನ ಸಾಲಿಗೆ ತಾಗ್ತಿದೆ."

"ಹಾಗಾದ್ರೆ ಕುಂಚದಲ್ಲೇ ಬರೀರಿ. ಮಾವನವರಿಗೂ ಮೇಲಿಂದ ಕಾಣಿಸಲಿ," ಎಂದು ಚಪ್ಪಲಿ ಮೆಟ್ಟಿಕೊಂಡು ಹೋದಳು. ಅವಳಿಗೆ ಎಲ್ಲವೂ ಸಲೀಸು. ಒಬ್ಬೊಬ್ಬರ ಚೀಟಿ ಓದಿ ಒಬ್ಬೊಬ್ಬರ ಕಾಯಿಲೆ ತಿಳಿದು, ಮುಖದಲ್ಲಿ ಏನೂ ತೋರಿಸದೆ ಪೊಟ್ಟಣ ಕಟ್ಟುವ ಹೆಂಗಸು.

ನಿಜ ಹೇಳಬೇಕೆಂದರೆ ಅಡ್ಡಿ ಅಕ್ಷರದ್ದಲ್ಲ, ಅಥವಾ ಅಕ್ಷರದ್ದು ಮಾತ್ರ ಅಲ್ಲ. ದಿನ ಬರೆದ ಮೇಲೆ ಕಾರಣ ಬರೆಯಬೇಕು. ಆ ಕಾರಣದ ಹತ್ತಿರ ಬಂದಾಗಲೆಲ್ಲ ಅವನಿಗೆ ಆಸ್ಪತ್ರೆಯ ಕಿಟಕಿ ಕಾಣುತ್ತಿತ್ತು. ಕಿಟಕಿಯಾಚೆ ಒಂದು ಬೇಕರಿ, ಬೇಕರಿಗೆ ಯಾರೋ ಅಡ್ಡಕಸುಬಿಯೊಬ್ಬ ಬರೆದ ಬೋರ್ಡು. ಅಪ್ಪನ ಕೈ ಅವನ ಕೈಯೊಳಗಿತ್ತು, ನರ್ಸು ಆಗತಾನೆ ಬಂದು ಹೋಗಿದ್ದಳು, ಅಕ್ಕ ಹಣ್ಣಿನ ರಸ ತರಲು ಕೆಳಗೆ ಇಳಿದಿದ್ದಳು, ಮತ್ತು ಅವನು, ಇದ್ದೊಬ್ಬ ಮಗ, ಆ ಬೋರ್ಡಿನ ಮೇಲಿನಿಂದ ಕಣ್ಣು ಕೀಳಲಾಗದೆ ಕೂತಿದ್ದ. ಮೊದಲ ಅಕ್ಷರಗಳೆಲ್ಲ ಕೈಕಾಲು ಚಾಚಿ ಆರಾಮವಾಗಿ ಕೂತಿದ್ದವು, ಕೊನೆಯ ಅಕ್ಷರ ಮಾತ್ರ ಜಾಗ ಸಾಲದೆ ಮುದುರಿಕೊಂಡು ನಿಂತಿತ್ತು. "ಏನು ನೋಡ್ತಿದೀಯಾ?" ಎಂದು ಅಪ್ಪ ಕೇಳಿದರು. ಹೇಳಿದ. ಅಪ್ಪ ಕಣ್ಣು ಮುಚ್ಚಿಯೇ, "ಮೊದಲೇ ಅಳತೆ ತಗೋಬೇಕಿತ್ತು," ಎಂದರು. ಅಷ್ಟೇ. ಅದರ ಮೇಲೆ ಮಾತಿಲ್ಲ. ರಸದ ಲೋಟ ಹಿಡಿದು ಓಡಿಬಂದ ಅಕ್ಕ, ಅಪ್ಪ ಕೊನೆಗೆ ಏನಂದರು ಎಂದು ಅವನ ಭುಜ ಹಿಡಿದು ಅಲುಗಿಸಿದಾಗ ಬೇಕರಿ ಬೋರ್ಡಿನ ಮಾತು ಬಾಯಿಗೆ ಬರಲಿಲ್ಲ. ದೇವರೇ ಎಂದರು ಎಂದುಬಿಟ್ಟ. ಅಕ್ಕ ಅದನ್ನು ನೆನಪಿನ ಕಾರ್ಡಿನಲ್ಲಿ ಅಚ್ಚು ಹಾಕಿಸಿದಳು, ಅಪ್ಪನ ಫೋಟೋದ ಕೆಳಗೆ, ಎರಡು ಪಾರಿವಾಳಗಳ ನಡುವೆ. ಪಾದ್ರಿಗಳು ಅದರ ಮೇಲೆ ಒಂದು ಇಡೀ ಪ್ರಸಂಗ ಮಾಡಿದರು. ಅವನು ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದನ್ನು ಕಂಡು ಜನ, ಪಾಪ, ತಂದೆಯೆಂದರೆ ಎಷ್ಟು ಪ್ರೀತಿ, ಎಂದುಕೊಂಡರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಮಾತ್ರೆ ನುಂಗಿದ. ಹೃದಯಕ್ಕೆ. ಹೃದಯದಲ್ಲಿ ಅವನಿಗೆ ಏನೂ ಆಗಿರಲಿಲ್ಲ, ಆದರೆ ವೈದ್ಯರು, ನಿಮ್ಮ ವಂಶದಲ್ಲಿ ಯಾರಿಗಾದರೂ ಇತ್ತಾ ಎಂದು ಕೇಳಿದ ದಿನ ಅವನು ಕುರ್ಚಿಯಲ್ಲಿ ನೆಟ್ಟಗೆ ಕೂತು ಉತ್ತರ ಕೊಟ್ಟಿದ್ದ. ಇತ್ತೇ ಎಂದು ಕೇಳುತ್ತೀರಾ ಸ್ವಾಮಿ? ಎದೆನೋವಿನಜ್ಜ, ಆತನ ತಮ್ಮ, ತಮ್ಮನ ಮಗ, ಮೂವರೂ ಐವತ್ತೈದು ದಾಟಿದವರಲ್ಲ, ಬೈಬಲ್ಲಿನಲ್ಲಿ ಬರೆದಿದೆ. ವೈದ್ಯರಿಗೆ ಸಂತೋಷವಾಗಿಹೋಯಿತು. ಜನಕ್ಕೆ ತಾತನ ಹೆಸರೇ ನೆನಪಿರೋಲ್ಲ, ನೀವು ನೋಡಿ, ಎಂದು ಹೊಗಳಿ ಮಾತ್ರೆ ಬರೆದುಕೊಟ್ಟರು. ಅಂದಿನಿಂದ ನುಂಗುತ್ತಿದ್ದಾನೆ. ಮನೆ ನಡೆಯುತ್ತಿದ್ದುದೇ ಹಾಗೆ, ಆ ನಾಲ್ಕು ಹಾಳೆಗಳ ಮೇಲೆ. ಮನೆಯಲ್ಲಿ ಯಾರಾದರೂ ಹಟ ಹಿಡಿದರೆ ಅದು ಮೂರು ಮದುವೆಯಜ್ಜನ ರಕ್ತ. ಜ್ವರದಲ್ಲಿ ಹೋದ ಪುಟ್ಟ ಮಗುವೊಂದರ ದಿನ ಬಂದಾಗ ಮನೆಯಲ್ಲಿ ರೇಡಿಯೋ ಹಾಕುವ ಹಾಗಿಲ್ಲ. ಅಕ್ಕ ಒಮ್ಮೆ ಹಾಕಿ ಅಪ್ಪನಿಂದ ಬೈಸಿಕೊಂಡಿದ್ದಳು. ಹಡಗಿನಜ್ಜನಂತೂ ಎಲ್ಲರಿಗಿಂತ ಜೋರು. ಕಾರಣ ಬರೆಯುವ ಜಾಗದಲ್ಲಿ ಆತನಿಗೆ ಒಂದೇ ಶಬ್ದ, 'ಸಮುದ್ರ'. ಅದಕ್ಕಾಗಿಯೇ ಈ ಮನೆಯ ಗಂಡಸರು ನೀರಿಗಿಳಿಯುವುದಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿಗೆ ದೋಣಿಯಲ್ಲಿ ದ್ವೀಪಕ್ಕೆ ಹೋಗುವ ಆಸೆ. ವಂಶದ ವಿಷಯ ವಿವರಿಸಿ ಹೇಳಿದ. ಅವಳು ಎಲ್ಲ ಕೇಳಿ, ಸರಿ ಹಾಗಾದರೆ ಎಂದು ಒಂದೇ ಟಿಕೆಟ್ಟು ಕೊಂಡಳು. ಅವಳ ಚೀಲ ಹಿಡಿದು ಅವನು ದಡದ ಮೇಲೆ ಬಿಸಿಲಿನಲ್ಲಿ ನಿಂತ, ಟಿಕೆಟ್ಟು ಹರಿಯುವವನು ಕನಿಕರದಿಂದ ಒಂದು ಸ್ಟೂಲು ಕೊಟ್ಟ. ಮದುವೆಯ ನಂತರದ ಮೊದಲ ಪ್ರವಾಸದ ಫೋಟೋದಲ್ಲಿ ಅವಳು ಗುರುತಿಲ್ಲದ ಇಬ್ಬರು ಮುದುಕಿಯರ ನಡುವೆ ನಿಂತು ನಗುತ್ತಿದ್ದಾಳೆ. ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವಳೂ ಅವಳೇ.

ಅಪ್ಪನಿಗೆ ಏನೆಂದು ಬರೆಯಬೇಕು? ವೈದ್ಯರು ಕೊಟ್ಟ ಕಾಗದದಲ್ಲಿ ಏಳೆಂಟು ಶಬ್ದಗಳಿದ್ದವು, ಒಂದೂ ಆ ಜಾಗದಲ್ಲಿ ಹಿಡಿಯುವಂಥದಲ್ಲ. 'ಅಳತೆ' ಎಂದು ಬರೆದರೆ ಹೇಗೆ ಎಂದು ಒಂದು ಕ್ಷಣ ಹೊಳೆದು, ತನ್ನ ಮೇಲೆ ತನಗೇ ಅಸಹ್ಯವಾಯಿತು. ಅತ್ತೆಯನ್ನು ಕೇಳುವುದೇ ಸರಿ ಎನಿಸಿತು. ಅತ್ತೆ ಎಂದರೆ ಅಪ್ಪನ ತಂಗಿ, ಅಪ್ಪನ ಕಾಲದವರಲ್ಲಿ ಉಳಿದವಳು ಅವಳೊಬ್ಬಳೇ. ಒಳ್ಳೆಯ ಮಾತಾಡಿ, ಸಾಧ್ಯವಾದರೆ ಅವಳ ಕೈಯಲ್ಲೇ ಬರೆಸಿಬಿಡಬಹುದು ಎಂಬ ಕಳ್ಳ ಯೋಚನೆಯೂ ಇತ್ತು. ಬಣ್ಣದ ಡಬ್ಬಿ ಹಾಕುವ ಚೀಲಕ್ಕೆ ಬೈಬಲ್ ಇಳಿಸಿಕೊಂಡು ಬಸ್ಸು ಹತ್ತಿದ. ಅದು ಭಾರವಾದ ಪುಸ್ತಕ, ತೊಡೆಯ ಮೇಲಿಟ್ಟುಕೊಂಡರೆ ಕಾಲು ಜೋಮು ಹಿಡಿಯುತ್ತದೆ. ಪಕ್ಕದಲ್ಲಿದ್ದ ಮುದುಕಿ ಬಹಳ ಹೊತ್ತು ನೋಡಿ, "ಏನಪ್ಪಾ ಅದು, ಅಷ್ಟು ಜೋಪಾನವಾಗಿ ಹಿಡ್ಕೊಂಡಿದೀಯಾ?" ಎಂದಳು. "ನಮ್ಮ ಹಿರಿಯರು," ಎಂದ ಅವನು, ಮತ್ತೇನೋ ಯೋಚಿಸುತ್ತ. ಚೀಲದಲ್ಲಿ ಬೂದಿ ಇದೆಯೆಂದು ತಿಳಿದಳೋ ಏನೋ, ಆಕೆ ಎದ್ದು ಹಿಂದಿನ ಸೀಟಿಗೆ ಹೋದಳು.

ಅತ್ತೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಎಂಬತ್ತು ದಾಟಿದರೂ ಸೂಜಿಗೆ ದಾರ ತಾನೇ ಪೋಣಿಸುವವಳು. ನಾಳೆ ಮಗುವಿಗೆ ತೊಡಿಸುವ ಬಿಳಿಯ ಅಂಗಿ ಅವಳ ಕೈಯಲ್ಲಿತ್ತು, ತುಟಿಗಳ ನಡುವೆ ಗುಂಡುಸೂಜಿಗಳಿದ್ದವು, ಅವುಗಳನ್ನು ಕಚ್ಚಿಕೊಂಡೇ ಮಾತಾಡುವುದು ಅವಳಿಗೆ ಅಭ್ಯಾಸ.

"ಬಾ ಪುಟ್ಟ. ಕೂತ್ಕೋ. ಆ ಬಟ್ಟೆ ಮೇಲಲ್ಲ."

ತಲೆ ನೆರೆತ ಪುಟ್ಟ ಬಟ್ಟೆ ಸರಿಸಿ ಕೂತ. "ಅತ್ತೆ, ಕಾರಣ ಏನಂತ ಬರೀಲಿ?"

"ಯಾತರ ಕಾರಣ?"

"ಅಪ್ಪ ಹೋಗಿದ್ದಕ್ಕೆ."

"ವಯಸ್ಸು ಅಂತ ಬರಿ. ಆ ವಯಸ್ಸಿಗೆ ಇನ್ನೇನು ಹುಲಿ ಹಿಡಿಯತ್ತಾ?"

"ಅದು ಕಾರಣ ಆಗೋಲ್ಲ ಅತ್ತೆ. ಇಲ್ಲಿ ನೋಡಿ, ಎಲ್ಲರಿಗೂ ಒಂದೊಂದು ಗಟ್ಟಿ ಕಾರಣ ಇದೆ. ಎದೆನೋವು. ಜ್ವರ. ಸಮುದ್ರ. ನಮ್ಮ ವಂಶದಲ್ಲಿ ಯಾರೂ ಸುಮ್ಮನೆ ಸತ್ತಿಲ್ಲ."

ಅತ್ತೆ ಯಂತ್ರ ನಿಲ್ಲಿಸಿದಳು. ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಸೂಜಿದಿಂಬಿಗೆ ಚುಚ್ಚಿದಳು. ಎಲ್ಲ ತೆಗೆದ ಮೇಲೆ ನಕ್ಕಳು. "ನಮ್ಮ ವಂಶ! ಅಯ್ಯೋ ಪುಟ್ಟ, ಅಣ್ಣ ನಿನಗೆ ಹೇಳ್ಲೇ ಇಲ್ವಾ? ಸಾಯೋತನಕ ಹೇಳ್ಲಿಲ್ವಾ?"

"ಏನನ್ನ?"

"ಅವರು ಯಾರೂ ನಮ್ಮೋರಲ್ಲ ಕಣೋ. ಅದು ಕುರ್ಚಿ ಜೊತೆ ಬಂದಿದ್ದು."

ಅವನಿಗೆ ಅರ್ಥವಾಗಲಿಲ್ಲ. ಅತ್ತೆ ಬಟ್ಟೆ ಮಡಿಚಿಟ್ಟು, ಅಕ್ಕಪಕ್ಕದವರ ವಿಷಯ ಹೇಳುವಷ್ಟೇ ಸಲೀಸಾಗಿ ಹೇಳಿದಳು. ಅಜ್ಜ ಬೆಳೆದದ್ದು ಅನಾಥಾಲಯದಲ್ಲಿ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಚಿಕ್ಕಂದಿನಲ್ಲಿ ಹೆತ್ತವರನ್ನು ಕಳೆದುಕೊಂಡರೂ ಬೈಬಲ್ ಒಂದನ್ನು ಎದೆಗೆ ಕಟ್ಟಿಕೊಂಡು ಬಂದಿದ್ದ ಎಂದು ಅವನು ಕೇಳಿದ್ದ. ಕಟ್ಟಿಕೊಂಡೂ ಬಂದಿರಲಿಲ್ಲ, ಬಿಚ್ಚಿಕೊಂಡೂ ಬಂದಿರಲಿಲ್ಲ. ಹೊಟ್ಟೆಪಾಡಿಗೆ ಒಂದು ಕೆಲಸ ಸಿಕ್ಕಿ, ಬಾಡಿಗೆಗೆ ಒಂದು ಕೋಣೆ ಹಿಡಿದ ಮೇಲೆ, ಯಾರಾದರೂ ಬಂದರೆ ಕೂರಿಸುವುದಕ್ಕೆ ಒಂದು ಕುರ್ಚಿಯಾದರೂ ಬೇಡವೇ ಎಂದು ಅಜ್ಜ ಹಳೆಯ ಸಾಮಾನಿನ ಹರಾಜಿಗೆ ಹೋದ. ಅಲ್ಲಿದ್ದವುಗಳಲ್ಲಿ ಅಗ್ಗದ ಕುರ್ಚಿಗೆ ಒಂದು ಕಾಲು ಗಿಡ್ಡ. ಅದರ ಕೆಳಗೆ ಯಾರೋ ಈ ಪುಸ್ತಕ ಇಟ್ಟಿದ್ದರು. ಕುರ್ಚಿ ಕೊಂಡರೆ ಅದೂ ಬರುತ್ತದೆ ಎಂದ ಹರಾಜಿನವನು.

"ಆಮೇಲೆ ಹೆಣ್ಣು ಕೇಳ್ದ. ನಮ್ಮಮ್ಮನ್ನ. ಅಮ್ಮನ ಅಪ್ಪ ಹುಡುಗನ ಮನೆ ನೋಡೋಕೆ ಬಂದ್ರು. ಕುರ್ಚಿ ಮೇಲೆ ಕೂರಿಸಿದ್ದಾಯ್ತು, ಟೀ ಕೊಟ್ಟಿದ್ದಾಯ್ತು. ನಿಮ್ಮ ಕಡೆಯವರು ಯಾರಪ್ಪಾ ಅಂತ ಕೇಳಿದ್ರು. ಹಿಂದೆ ಮುಂದೆ ಯಾರೂ ಇಲ್ಲದವನಿಗೆ ಯಾರು ಹೆಣ್ಣು ಕೊಡ್ತಾರೆ ಹೇಳು? ನಿಮ್ಮಜ್ಜನಿಗೆ ಏನು ತೋಚಿತೋ, ಬಗ್ಗಿ ಕುರ್ಚಿ ಕೆಳಗಿಂದ ಪುಸ್ತಕ ಎಳೆದು ಕೈಗೆ ಕೊಟ್ಟ. ಇವರೇ ನಮ್ಮೋರು ಅಂತ."

"ಆಮೇಲೆ?"

"ಆಮೇಲೇನು, ಕುರ್ಚಿ ವಾಲ್ತು. ನಮ್ಮಜ್ಜ ಟೀ ಸಮೇತ ಬಿದ್ರು. ಬಿದ್ದಲ್ಲೇ ಕೂತು ಓದಿದ್ರಂತೆ. ಸಮುದ್ರದಲ್ಲಿ ಸತ್ತೋರು ಇದಾರೆ ಅಂದ್ರೆ ದೊಡ್ಡ ಮನೆತನ ಅಂತ ಒಪ್ಪಿಕೊಂಡ್ರು."

ಅವನು ಬೈಬಲ್ಲಿನ ಹೊದಿಕೆಯ ಮೇಲೆ ಕೈಯಿಟ್ಟ. ಅಲ್ಲಿ ರಟ್ಟು ಕುಸಿದು ದುಂಡಗೆ ಒಂದು ತಗ್ಗು ಇತ್ತು. ಹಿರಿಯರು ತಲೆತಲಾಂತರದಿಂದ ಮೊಣಕೈ ಊರಿ ಪ್ರಾರ್ಥಿಸಿ ಆದ ಗುರುತು ಅದು ಎಂದು ಅಪ್ಪ ಹೇಳಿದ್ದರು. ಮನೆಯಲ್ಲಿ ಯಾವ ಮಗು ಹುಟ್ಟಿದರೂ ಹೆಸರು ಸೇರಿಸಿದ ದಿನ ಅದರ ಎಳೆಯ ಮೊಣಕೈಯನ್ನು ಆ ತಗ್ಗಿನಲ್ಲಿ ಒಂದು ಗಳಿಗೆ ಇಡಿಸುತ್ತಾರೆ. ಅವನದನ್ನೂ ಇಡಿಸಿದ್ದರು, ಅಕ್ಕನದನ್ನೂ. ಬೋರ್ಡಿನ ಕೆಲಸ ಶುರುಮಾಡುವ ಮೊದಲ ದಿನ ಅವನು ಯಾರಿಗೂ ಕಾಣದ ಹಾಗೆ ತಾನೇ ಹೋಗಿ ಮೊಣಕೈ ಇಟ್ಟು, ಕೈ ನಡುಗದಿರಲಿ ಎಂದು ಬೇಡಿಕೊಂಡಿದ್ದ. ಕುರ್ಚಿಯ ಕಾಲಿಗೆ.

"ಅಪ್ಪನಿಗೆ ಗೊತ್ತಿತ್ತಾ?"

"ಗೊತ್ತಿಲ್ದೆ? ನಮ್ಮಿಬ್ಬರಿಗೂ ಅಮ್ಮನೇ ಹೇಳಿದ್ರು. ಮದುವೆ ಆದ ಮೇಲೆ ಅಮ್ಮ ಕೇಳಿದ್ರಂತೆ, ಇನ್ನಾದ್ರೂ ಆ ಸತ್ತೋರನ್ನ ಬಿಡಿ, ಯಾರದೋ ಮಗು ದಿನಕ್ಕೆ ನಾವ್ಯಾಕೆ ಬಾಯಿ ಮುಚ್ಚಿಕೊಂಡಿರಬೇಕು ಅಂತ. ಅವರಿಲ್ದಿದ್ರೆ ನೀನು ಸಿಗ್ತಿರ್ಲಿಲ್ಲ, ಅವರ ಋಣ ಇದೆ ಅಂದನಂತೆ ನಿಮ್ಮಜ್ಜ. ಅದಕ್ಕೇ ನಡೆಸಿಕೊಂಡು ಬಂದ. ಅಣ್ಣನೂ ನಡೆಸ್ದ."

ಎದೆಯೊಳಗೆ ಏನೋ ದಡಬಡ ಎಂದಿತು. ಎದೆನೋವಿನಜ್ಜ ಎಂದುಕೊಂಡ ಅಭ್ಯಾಸಬಲದಿಂದ, ಕೂಡಲೇ, ಆ ಮನುಷ್ಯ ಯಾರೋ, ಅವನ ಎದೆ ಏನಾದರೆ ನನಗೇನು ಎಂದು ಸಿಟ್ಟು ಬಂತು. "ಅಲ್ಲ ಅತ್ತೆ, ಹತ್ತು ವರ್ಷದಿಂದ ಮಾತ್ರೆ ನುಂಗ್ತಿದೀನಿ!"

"ನುಂಗು. ಈಗಿನ ಗಾಳಿಗೆ ಒಳ್ಳೇದೇ."

"ದೋಣಿ ಹತ್ತಲಿಲ್ಲ ನಾನು! ಹೆಂಡತಿ ಚೀಲ ಹಿಡ್ಕೊಂಡು ದಡದಲ್ಲಿ ನಿಂತಿದ್ದೆ!"

ಅತ್ತೆ ಕನ್ನಡಕದ ಮೇಲಿಂದ ಅವನನ್ನು ನೋಡಿದಳು. "ಅದನ್ನ ಪಾಪ ಹಡಗಿನಜ್ಜನ ತಲೆಗೆ ಕಟ್ಟಬೇಡ. ನೀನು ಮೊದಲಿಂದ ಪುಕ್ಕಲ. ಬಚ್ಚಲಲ್ಲಿ ತಲೆಗೆ ನೀರು ಹಾಕಿದ್ರೆ ಬೀದಿಗೆಲ್ಲ ಕೇಳೋ ಹಾಗೆ ಕಿರುಚ್ತಿದ್ದೆ. ಶಾಲೆಯಿಂದ ಮಕ್ಕಳನ್ನೆಲ್ಲ ಈಜುಕೊಳಕ್ಕೆ ಕರ್ಕೊಂಡು ಹೋದಾಗ ಕಂಬ ತಬ್ಬಿಕೊಂಡು ನಿಂತೆ. ಎಲ್ಲರೂ ನಗ್ತಿದ್ರು. ಮಾರನೇ ದಿನ ಅಣ್ಣ ಕೋರ್ಟಿಗೆ ರಜ ಹಾಕಿ ಶಾಲೆಗೆ ಹೋದ. ನಮ್ಮ ಮನೆತನದಲ್ಲಿ ಗಂಡಸರು ನೀರಿಗಿಳಿಯೋ ಹಾಗಿಲ್ಲ, ಹಿರಿಯರ ಕಾಲದಿಂದ ಬಂದ ಕಟ್ಟು ಅಂತ ಮೇಷ್ಟ್ರಿಗೆ ಹೇಳಿ ಬಂದ. ಅಲ್ಲೀತನಕ ಅಂಥ ಕಟ್ಟೇ ಇರ್ಲಿಲ್ಲ. ನಮ್ಮಪ್ಪ ಕೆರೆಯಲ್ಲಿ ಮೀನಿನ ಹಾಗೆ ಈಜ್ತಿದ್ದ."

ಕಂಬ ನೆನಪಾಯಿತು. ತಣ್ಣಗಿನ, ಹಸಿರು ಬಣ್ಣ ಬಳಿದ ಕಂಬ. ಮೇಷ್ಟ್ರು ಮರುದಿನ ತರಗತಿಯಲ್ಲಿ, ಅವರ ಮನೆತನದ ವಿಷಯ ಬೇರೆ ಎಂದು ಹೇಳಿದ್ದು, ನಗುತ್ತಿದ್ದವರು ಬಾಯಿ ಮುಚ್ಚಿದ್ದು, ಸಮುದ್ರದಲ್ಲಿ ಸತ್ತ ಅಜ್ಜನಿರುವ ಹುಡುಗನೆಂದು ಮುಂದಿನ ಬೆಂಚಿನವರು ತಿರುಗಿ ತಿರುಗಿ ನೋಡಿದ್ದು. ಆ ವಾರವೆಲ್ಲ ಅವನು ಕುತ್ತಿಗೆ ಎತ್ತಿ ನಡೆದಿದ್ದ. ಆದರೆ ಸಿಟ್ಟಿನ ಮಧ್ಯೆ ಇಂಥದೆಲ್ಲ ಯೋಚಿಸಲು ಅವನಿಗೆ ಪುರುಸೊತ್ತಿರಲಿಲ್ಲ. ಪುಸ್ತಕವನ್ನು ಚೀಲಕ್ಕೆ ತುರುಕಿದ. ಅತ್ತೆ ಬರೆದುಕೊಡಲೇ ಎಂದು ಕೇಳಿದ್ದೂ ಕಿವಿಗೆ ಬೀಳಲಿಲ್ಲ. "ಅಕ್ಕನಿಗೆ ಹೇಳಬೇಡ," ಎಂದು ಅವಳು ಹಿಂದಿನಿಂದ ಕೂಗಿದಳು, "ಅವಳಿಗೆ ಹಟ ಮಾಡೋಕೆ ಆ ಮೂರು ಮದುವೆಯೋನೇ ಆಧಾರ."

ಬಸ್ಸಿಗೆ ಕಾಯಲಿಲ್ಲ, ನಡೆದೇ ಹೊರಟ. ಚೀಲ ಮೊಣಕಾಲಿಗೆ ಬಡಿಯುತ್ತಿತ್ತು. ಇದನ್ನು ಸುಮ್ಮನೆ ಬಿಡಬಾರದು, ಇವತ್ತು ಕೇಳಿಯೇ ಬಿಡಬೇಕು. ಇಡೀ ಊರಿನ ಸತ್ಯವನ್ನು ಅಕ್ಷರ ತಪ್ಪದೆ ನಕಲು ಮಾಡಿದವರು, ಸ್ವಂತ ಮಗನಿಗೆ ಮಾತ್ರ ಕುರ್ಚಿ ಕೆಳಗಿನ ಅಜ್ಜಂದಿರನ್ನು ಕೊಟ್ಟರು. ಹೇಳಬಹುದಿತ್ತಲ್ಲ. ಅಕ್ಕನಿಗೆ ಬೇಡ, ನನಗೆ ಹೇಳಬಹುದಿತ್ತಲ್ಲ. ಎಷ್ಟು ಸಲ ಒಟ್ಟಿಗೆ ಊಟ ಮಾಡಿಲ್ಲ, ಎಷ್ಟು ಭಾನುವಾರ ಆ ಹೆಸರುಗಳನ್ನು ಓದಿಸಿ ನನ್ನಿಂದ ಬಾಯಿಪಾಠ ಮಾಡಿಸಿಲ್ಲ. ನಾನು ಬೋರ್ಡಿನಲ್ಲಿ ಒಂದು ಕೊಂಬು ತಪ್ಪಿಸಿದ್ದಕ್ಕೆ ಅಂಗಡಿಯವನ ಎದುರಿಗೇ ತಿದ್ದಿಸಿದವರು! ಎದುರಿಗೆ ಬಂದ ಸೈಕಲ್ಲಿನವನು ಬೆಲ್ಲು ಬಾರಿಸಿ ಬಾರಿಸಿ ಕೊನೆಗೆ ತಾನೇ ಸುತ್ತುಬಳಸಿ ಹೋದ. ಅಪ್ಪ ಏನು ಉತ್ತರ ಕೊಡುತ್ತಾರೆ ಎಂಬುದೂ ಅವನಿಗೆ ಗೊತ್ತಿತ್ತು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತ, ನೀನು ಕೇಳಲೇ ಇಲ್ಲವಲ್ಲ ಎನ್ನುತ್ತಾರೆ. ಆಗ ತಾನು ಏನು ಹೇಳಬೇಕು? ಕೇಳೋದಕ್ಕೆ ಗೊತ್ತಿದ್ರೆ ತಾನೇ ಅಪ್ಪಾ ಕೇಳೋದು. ಹಾಂ, ಅದು ಸರಿ. ಅದಕ್ಕೆ ಅವರು ಏನಂದಾರು? ಏನೂ ಅನ್ನಲಾರರು. ತಿರುವಿನಲ್ಲಿ ಸ್ವಲ್ಪ ನಿಂತು, ಆ ಮಾತನ್ನು ಎರಡು ಸಲ ಬಾಯಲ್ಲಿ ಆಡಿ ನೋಡಿದ. ಚೆನ್ನಾಗಿತ್ತು. ಜೀವಮಾನದಲ್ಲಿ ಮೊದಲ ಸಲ ಅಪ್ಪನ ಬಾಯಿ ಕಟ್ಟುವಂಥ ಮಾತೊಂದು ಕೈಗೆ ಸಿಕ್ಕಿತ್ತು. ಅವನು ಓಡುವುದೊಂದೇ ಬಾಕಿ.

ಬೀಗ ತೆಗೆದ. ಚಪ್ಪಲಿ ಎಲ್ಲಿ ಬಿಟ್ಟನೋ. ಹಜಾರ ದಾಟಿ ಹಿಂದಿನ ಕೋಣೆಯ ಬಾಗಿಲನ್ನು ದೂಡಿಕೊಂಡೇ ಒಳನುಗ್ಗಿ, "ಅಲ್ಲಾ ಅಪ್ಪಾ—" ಎಂದ.

ಮಂಚದ ಮೇಲೆ ಇಸ್ತ್ರಿ ಮಾಡಿದ ಶರ್ಟುಗಳಿದ್ದವು. ಹಾಸಿಗೆ ಸುತ್ತಿ ಗೋಡೆಗೆ ಒರಗಿಸಿತ್ತು. ಕಿಟಕಿಯ ಹತ್ತಿರ, ಅಪ್ಪ ಕೂರುತ್ತಿದ್ದಲ್ಲಿ, ಇಸ್ತ್ರಿ ಪೆಟ್ಟಿಗೆ ತನ್ನ ಹಲಗೆಯ ಮೇಲೆ ನೆಟ್ಟಗೆ ನಿಂತಿತ್ತು.

ಹೆಣ ಹೊರುವಾಗ ಅವನು ಅತ್ತಿರಲಿಲ್ಲ. ಶವಪೆಟ್ಟಿಗೆಯ ಮೇಲಿನ ಹೆಸರನ್ನು ಅವನೇ ಬರೆದಿದ್ದರಿಂದ ಮಣ್ಣು ಬೀಳುವತನಕ ಅದರ ಅಂತರ ಸರಿಯಿದೆಯೇ ಎಂದು ನೋಡುತ್ತಿದ್ದ. ವರ್ಷವಿಡೀ ಜನ ಬಂದು ಕೈ ಹಿಡಿದರು, ಅವನು ತಲೆಯಾಡಿಸಿದ. ಈ ಕೋಣೆಗೆ ದಿನವೂ ಬರುತ್ತಿದ್ದ, ಶರ್ಟು ತೆಗೆದುಕೊಂಡು ಹೋಗುತ್ತಿದ್ದ. ಈಗ ಮಾತ್ರ, ಯಾರೋ ಆಗತಾನೆ ಓಡಿಬಂದು ಬಾಗಿಲಲ್ಲಿ ನಿಂತು ಸುದ್ದಿ ಮುಟ್ಟಿಸಿದ ಹಾಗೆ, ಅಪ್ಪ ಸತ್ತುಹೋಗಿದ್ದಾರೆ ಎಂದು ಗೊತ್ತಾಯಿತು. ಕೇಳಬೇಕೆಂದರೆ ಇಲ್ಲ. ಜಗಳಕ್ಕೂ ಇಲ್ಲ. ಅಷ್ಟು ಚೆನ್ನಾಗಿ ಹೊಸೆದುಕೊಂಡು ಬಂದ ಮಾತಿಗೆ ಬಾಯಿ ಕಟ್ಟಿಸಿಕೊಳ್ಳುವವರು ಇಲ್ಲ. ಕಂಬ ತಬ್ಬಿ ನಿಂತ ಹುಡುಗನ ಮಾನ ಉಳಿಸಲು ರಜೆ ಹಾಕಿ ಶಾಲೆಗೆ ಹೋಗಿ, ಒಂದೇ ಒಂದು ಸುಳ್ಳು ಹೇಳಿ, ಅದು ಬಯಲಾಗದ ಹಾಗೆ ತಾವೂ ಜೀವಮಾನವೆಲ್ಲ ನೀರಿಗಿಳಿಯದೆ ಇದ್ದ ಮನುಷ್ಯ ಇಲ್ಲ. ಅವನು ಮಂಚದ ಅಂಚಿನಲ್ಲಿ ಕೂತು ಅತ್ತ. ಮರ್ಯಾದೆಯ ಅಳುವಲ್ಲ, ಬಚ್ಚಲಿನಲ್ಲಿ ಅಳುತ್ತಿದ್ದಂಥ ಅಳು, ಬೀದಿಗೆ ಕೇಳಿಸಿತೋ ಏನೋ. ಕೈಗೆ ಸಿಕ್ಕಿದ ಶರ್ಟಿನಿಂದ ಮೂಗು ಒರೆಸಿಕೊಂಡ. ಅದು ನಾಳೆ ಚರ್ಚಿಗೆಂದು ಹೆಂಡತಿ ಗಂಜಿ ಹಾಕಿ ಇಸ್ತ್ರಿ ಮಾಡಿದ್ದು ಎಂದು ಆಮೇಲೆ ಕಂಡಿತು.

ಸ್ವಲ್ಪ ಹೊತ್ತಿನ ಮೇಲೆ ಎದ್ದು ಮುಖ ತೊಳೆದು ಬಂದ. ಚೀಲದಿಂದ ಬೈಬಲ್ ತೆಗೆದು ಮೇಜಿನ ಮೇಲಿಟ್ಟ. ಹಾಳೆ ತಿರುವುವಾಗ ಹಡಗಿನಜ್ಜ ಬಂದ, ಜ್ವರದ ಮಗು ಬಂತು, ಎದೆನೋವಿನವರು ಮೂವರೂ ಬಂದರು; ಯಾರ ಮನೆಯ ಮಕ್ಕಳೋ, ಯಾರೂ ಓದುವವರಿಲ್ಲದೆ ಹರಾಜಿಗೆ ಬಿದ್ದವರು, ಇಲ್ಲಿ ಬಂದು ಮೂರು ತಲೆಮಾರಿಗೆ ಕಾವಲು ಕೂತರಲ್ಲ ಎನಿಸಿತು. ಅವರ ಕೆಳಗೆ ಅಜ್ಜ, ಅಜ್ಜಿ. ಅವರ ಕೆಳಗೆ ಅಪ್ಪ. ಪೆನ್ನಿನ ಮುಚ್ಚಳ ತೆಗೆದು, ಅಭ್ಯಾಸ ಮಾಡದೆ, ಗೆರೆ ಹೊಡೆಯದೆ, ಉಸಿರು ಬಿಗಿಹಿಡಿಯದೆ, ಖಾಲಿ ಜಾಗದಲ್ಲಿ ಬರೆದ. ದಿನ. ಕಾರಣ, 'ವಯಸ್ಸು'. ಅಕ್ಷರ ಸಣ್ಣದಾಗಿಯೇ ಬಂತು, ಒಂದೂ ಆಚೀಚೆ ಜಾರಲಿಲ್ಲ, ಕೊನೆಗೆ ಜಾಗವೂ ಉಳಿಯಿತು. ದೂರದಿಂದ ನೋಡಿದ, ಹತ್ತಿರದಿಂದ ನೋಡಿದ. ಬೋರ್ಡು ಮುಗಿಸಿದಾಗ ಮಾಡುವ ಹಾಗೆ ಒತ್ತು, ಕೊಂಬು, ದೀರ್ಘ ಎಲ್ಲವನ್ನೂ ಎರಡೆರಡು ಸಲ ಪರೀಕ್ಷಿಸಿದ. ಶಾಯಿ ಒಣಗಿದ ಮೇಲೆ ಅಕ್ಕನಿಗೆ ಫೋನು ಮಾಡಿದ.

"ಬರೆದೆ ಅಕ್ಕ."

"ನಿಜವಾಗ್ಲೂ? ದನಿ ಯಾಕೋ ಹೀಗಿದೆ?"

"ನೆಗಡಿ."

"ಎಲ್ಲಿ, ಓದು. ನಿನ್ನನ್ನ ನಂಬೋಕಾಗೋಲ್ಲ."

ಅವನು ಗಂಟಲು ಸರಿಮಾಡಿಕೊಂಡು ಓದಿದ. ಅಪ್ಪನ ಹೆಸರು, ಹುಟ್ಟಿದ ದಿನ, ಹೋದ ದಿನ, ವಯಸ್ಸು.

"ಹೋದ ದಿನ ಇನ್ನೊಂದ್ಸಲ ಓದು," ಎಂದಳು ಅಕ್ಕ.

ಓದಿದ.

"ಅಪ್ಪ ಹೋಗಿದ್ದು ಹೋದ ವರ್ಷ ಕಣೋ. ನೀನು ಬರೆದಿರೋದು ಇವತ್ತಿನ ತಾರೀಖು."

ಅವನು ಹಾಳೆಯನ್ನು ನೋಡಿದ. ಶಾಯಿ ಒಣಗಿ ಗಟ್ಟಿಯಾಗಿತ್ತು. ಅಕ್ಷರಗಳೆಲ್ಲ ಗೆರೆಯ ಮೇಲೆ ನೆಟ್ಟಗೆ ಕೂತಿದ್ದವು.

"ಅಳಿಸೋಕೆ ಬರತ್ತಾ ಈಗ? ಏನು ಮಾಡೋದು? ಮುಂದೆ ಯಾರಾದ್ರೂ ಓದಿದ್ರೆ ಅಪ್ಪ ಇವತ್ತು ಸತ್ರು ಅಂತ ತಿಳ್ಕೊಳ್ಳೋಲ್ವಾ?"

"ಹೌದಕ್ಕ," ಎಂದ ಅವನು. "ಇವತ್ತೇ."